ತಾಳೆಯಾಗದ ಮೂರು ಸಾಲು: ಹಂಗಾಮಿ ಕೆಲಸ ಕಾಯಂ ಆಗುವ ಹೊತ್ತಿನಲ್ಲಿ

14 ತಿಂಗಳಿಂದ ದಿನಾ ಮುಖ ನೋಡುತ್ತಿದ್ದ ಉದ್ಯೋಗಿಯೊಬ್ಬರ ಬಗ್ಗೆ ಒಂದು ಬೆಳಿಗ್ಗೆ ನನಗೆ ಇಮೇಲ್ ಬಂತು. ಕಳಿಸಿದ್ದು ಹಿನ್ನೆಲೆ ಪರಿಶೀಲನೆ ಮಾಡುವ ಕಂಪನಿ. ಒಳಗೆ 6 ಪುಟದ ವರದಿ. ಅದರಲ್ಲಿ ಮೂರು ಸಾಲಿಗೆ ಬಣ್ಣ ಹಚ್ಚಿದ್ದರು. ಒಂದು ಕೆಂಪು, ಎರಡು ಹಳದಿ. ಕೆಂಪು ಸಾಲು ಹೀಗಿತ್ತು: ‘ಸಂಸ್ಥೆಯ ದಾಖಲೆಯಲ್ಲಿ ಈ ಹೆಸರಿನ ಉದ್ಯೋಗಿ ಇಲ್ಲ.’

ಆಗ ನಾನು ಎಚ್‌ಆರ್ ವಿಭಾಗದಲ್ಲಿ ನೇಮಕಾತಿ ನೋಡಿಕೊಳ್ಳುತ್ತಿದ್ದೆ. ಫೈಲ್ ನನ್ನದೇ. ಇದರಲ್ಲಿ ಆದ ಎಡವಟ್ಟುಗಳಲ್ಲಿ ನನ್ನ ಪಾಲೂ ಕಮ್ಮಿಯೇನಲ್ಲ. ಗುರುತು ಸಿಗಬಾರದು ಎಂದು ಹೆಸರುಗಳನ್ನು ಬಿಟ್ಟಿದ್ದೇನೆ, ಒಂದೆರಡು ವಿವರ ಬದಲಿಸಿದ್ದೇನೆ. ಆ ಉದ್ಯೋಗಿಯನ್ನು ‘ಆಕೆ’ ಎಂದಷ್ಟೇ ಕರೆಯುತ್ತೇನೆ.

ಯಾರ ಉದ್ಯೋಗಿ?

ಆಕೆ ಲೆಕ್ಕಪತ್ರ ವಿಭಾಗದಲ್ಲಿದ್ದರು. ಸರಬರಾಜುದಾರರ ಬಿಲ್ ಪಾಸ್ ಮಾಡುವ ಮುಂಚೆ ಮೂರು ಕಾಗದ ತಾಳೆ ನೋಡುವುದು ಆಕೆಯ ಕೆಲಸ. ನಾವು ಕೊಟ್ಟ ಆರ್ಡರ್, ಸರಕು ಇಳಿದಾಗ ಗೋದಾಮಿನವರು ಬರೆದ ರಸೀದಿ, ಆಮೇಲೆ ಬಂದ ಬಿಲ್. ಮೂರೂ ಒಂದೇ ಲೆಕ್ಕ ಹೇಳಿದರೆ ಹಣ ಹೋಗುತ್ತದೆ. ಇಲ್ಲದಿದ್ದರೆ ಬಿಲ್ ಹೋಲ್ಡ್‌ಗೆ ಹೋಗುತ್ತದೆ, ‘ಯಾಕೆ ವ್ಯತ್ಯಾಸ?’ ಎಂದು ಕೇಳಿ ಒಂದು ಇಮೇಲ್ ಹೋಗುತ್ತದೆ.

ಆಕೆ ಕೂರುತ್ತಿದ್ದುದು ನಮ್ಮ ಆಫೀಸಿನಲ್ಲಿ. ಕೆಲಸ ಹೇಳುತ್ತಿದ್ದುದು ನಮ್ಮ ಮ್ಯಾನೇಜರ್. ಕೊರಳಲ್ಲಿ ನೇತಾಡುತ್ತಿದ್ದುದು ನಮ್ಮ ಕಾರ್ಡ್. ಆದರೆ ಸಂಬಳ ಬರುತ್ತಿದ್ದುದು ಒಂದು ಸಿಬ್ಬಂದಿ ಏಜೆನ್ಸಿಯಿಂದ. ನೇಮಕದ ಪತ್ರ ಅವರದು, ತೆರಿಗೆ ಕಡಿತ ಅವರದು, ರಜೆಯ ಲೆಕ್ಕವೂ ಅವರದೇ. ಕಾಗದದ ಮೇಲೆ ಏಜೆನ್ಸಿಯೇ ಉದ್ಯೋಗದಾತ, ನಾವು ಬರೀ ಗಿರಾಕಿ. ಮನುಷ್ಯ ಒಂದು ಕಡೆ, ಕಾಗದ ಇನ್ನೊಂದು ಕಡೆ. ಹಂಗಾಮಿ ಕೆಲಸದವರ ಫೈಲಿನಲ್ಲಿ ನಾನು ಕಂಡ ಗೊಂದಲಗಳಲ್ಲಿ ಮುಕ್ಕಾಲು ಪಾಲು ಹುಟ್ಟಿದ್ದು ಇಲ್ಲೇ.

ಕಾಯಂ ಹುದ್ದೆಯೊಂದು ಖಾಲಿಯಾಯಿತು. ಮ್ಯಾನೇಜರ್ ಬೇರೆ ಯಾರನ್ನೂ ನೋಡದೆ ಆಕೆಯ ಹೆಸರು ಹೇಳಿದರು. ಸಂದರ್ಶನ ಅರ್ಧ ಗಂಟೆ, ಅದೂ ಶಾಸ್ತ್ರಕ್ಕೆ. ತಿಂಗಳ 2ನೇ ತಾರೀಕು ಆಫರ್ ಲೆಟರ್ ಕೊಟ್ಟೆವು. ಏಜೆನ್ಸಿ ಜೊತೆಗಿನ ಆಕೆಯ ಕಾಂಟ್ರ್ಯಾಕ್ಟ್ 30ಕ್ಕೆ ಮುಗಿಯುತ್ತಿತ್ತು. ಮಾರನೇ ದಿನದಿಂದಲೇ ಕಾಯಂ. ಲೆಟರಿನ ಮೂರನೇ ಪ್ಯಾರಾದಲ್ಲಿ ‘ಈ ನೇಮಕ ಹಿನ್ನೆಲೆ ಪರಿಶೀಲನೆಗೆ ಒಳಪಟ್ಟಿದೆ’ ಎಂಬ ಸಾಲಿತ್ತು. ಅದನ್ನು ಯಾರೂ ಓದುವುದಿಲ್ಲ. ಓದಿದರೂ ‘ಇದು ಹೊಸಬರಿಗೆ, ನನಗೇನು’ ಅನಿಸುತ್ತದೆ. ಅದೇ ಸಂಜೆ ಮ್ಯಾನೇಜರ್ ಖುಷಿಯಲ್ಲಿ ಇಡೀ ತಂಡಕ್ಕೆ ಸುದ್ದಿ ಹೇಳಿಬಿಟ್ಟರು. ಪರಿಶೀಲನೆ ಇನ್ನೂ ಶುರುವೇ ಆಗಿರಲಿಲ್ಲ. ತಡೆಯಬೇಕಿದ್ದವನು ನಾನು. ತಡೆಯಲಿಲ್ಲ.

ಒಮ್ಮೆ ಆಗಿದೆಯಲ್ಲ, ಮತ್ತೆ ಯಾಕೆ?

ಪರಿಶೀಲನೆಯ ಫಾರಂ ಕೊಟ್ಟಾಗ ಆಕೆ ಕೇಳಿದ್ದು ಇದನ್ನೇ. ನ್ಯಾಯವಾದ ಪ್ರಶ್ನೆ. ಏಜೆನ್ಸಿ ಸೇರುವಾಗ ಆಕೆಯ ದಾಖಲೆಗಳನ್ನು ನೋಡಿದ್ದರು, ಸಹಿ ಹಾಕಿಸಿಕೊಂಡಿದ್ದರು. ಒಂದು ವರ್ಷದಲ್ಲಿ ಮನುಷ್ಯ ಬದಲಾಗುತ್ತಾನಾ?

ನಾನು ಕೊಡಬೇಕಿದ್ದ ಉತ್ತರ ಹೀಗಿತ್ತು. ಏಜೆನ್ಸಿ ನೋಡಿದ್ದು ಮೂರು ವಿಷಯ ಮಾತ್ರ: ಗುರುತು, ಕೆಲಸ ಮಾಡುವ ಅರ್ಹತೆ, ಅಪರಾಧ ದಾಖಲೆ. ಹಂಗಾಮಿ ಸಿಬ್ಬಂದಿಗೆ ಅಷ್ಟು ಸಾಕು ಎಂದು ನಮ್ಮಿಬ್ಬರ ಒಪ್ಪಂದದಲ್ಲೇ ಇತ್ತು. ಕಾಯಂ ನೌಕರರಿಗೆ ನಮ್ಮ ನಿಯಮ ಬೇರೆ. ಕಳೆದ 5 ವರ್ಷದ ಉದ್ಯೋಗ, ಕೊನೆಯ ಪದವಿ, ಇಬ್ಬರ ಶಿಫಾರಸು, ಎಲ್ಲವನ್ನೂ ನೋಡುತ್ತೇವೆ. ಏಜೆನ್ಸಿಯ ಹಳೇ ವರದಿಯನ್ನು ನಾವು ಹಾಗೇ ಎತ್ತಿಕೊಳ್ಳುವಂತಿಲ್ಲ. ಆಕೆ ಒಪ್ಪಿಗೆ ಕೊಟ್ಟಿದ್ದು ಅವರ ಕೆಲಸಕ್ಕೆ, ನಮ್ಮ ಕೆಲಸಕ್ಕಲ್ಲ.

ನಾನು ಕೊಟ್ಟ ಉತ್ತರ: ‘ಇದೊಂದು ಪ್ರೊಸೀಜರ್ ಅಷ್ಟೇ. ಸುಮ್ನೆ ತುಂಬಿಕೊಡಿ.’

ಸುಮ್ನೆ ಎಂದರೆ ಜನ ಸುಮ್ನೆಯೇ ತುಂಬುತ್ತಾರೆ. ಆಕೆ ಊಟದ ಬಿಡುವಿನಲ್ಲಿ, ಫೋನಿನಲ್ಲಿ, ನೆನಪಿನಿಂದ ತುಂಬಿದರು. ಫಾರಂನಲ್ಲಿ ‘ಕಳೆದ 5 ವರ್ಷದ ಮುಖ್ಯ ಉದ್ಯೋಗಗಳು’ ಎಂಬ ಶೀರ್ಷಿಕೆ, ಕೆಳಗೆ ಮೂರು ಖಾನೆ. ಪ್ರತಿ ಖಾನೆಯಲ್ಲಿ ಸಂಸ್ಥೆಯ ಹೆಸರು, ಹುದ್ದೆ, ಸೇರಿದ ದಿನ, ಬಿಟ್ಟ ದಿನ. ಮೊದಲ ಖಾನೆಗೆ ನಮ್ಮದೇ ಕಂಪನಿಯ ಹೆಸರು. ಎರಡನೆಯದಕ್ಕೆ ಅದಕ್ಕೂ ಮುಂಚೆ 2 ವರ್ಷ ಕೂತು ಕೆಲಸ ಮಾಡಿದ ದೊಡ್ಡ ಕಂಪನಿಯ ಹೆಸರು. ಮೂರನೆಯದಕ್ಕೆ ಮೊದಲ ಕೆಲಸ ಕೊಟ್ಟ ಸಣ್ಣ ಸಂಸ್ಥೆ. ಏಜೆನ್ಸಿಗಳ ಹೆಸರು ಎಲ್ಲೂ ಇಲ್ಲ. ‘ಎಲ್ಲಿ ಕೆಲಸ ಮಾಡ್ತಿದ್ರಿ?’ ಎಂದು ಯಾರಾದರೂ ಕೇಳಿದರೆ ನಾವು ಹೇಳುವುದು ಕೂತಿದ್ದ ಜಾಗವನ್ನು ತಾನೆ, ಸಂಬಳ ಹಾಕಿದ ಖಾತೆಯನ್ನಲ್ಲವಲ್ಲ.

ಕೊನೆಯಲ್ಲಿ ಒಪ್ಪಿಗೆಯ ಪುಟ. ಅದರಲ್ಲಿ ಸಣ್ಣಕ್ಷರದ ಒಂದು ಸಾಲು: ಉದ್ಯೋಗದಲ್ಲಿರುವಷ್ಟು ಕಾಲವೂ, ಯಾವಾಗ ಬೇಕಾದರೂ ಮತ್ತೆ ಪರಿಶೀಲಿಸಲು ಒಪ್ಪಿದ್ದೇನೆ. ಆಕೆ ಅದಕ್ಕೂ ಸಹಿ ಹಾಕಿದರು. ಹಾಕದೆ ಇರುವ ದಾರಿ ಎಲ್ಲಿತ್ತು? ಯುರೋಪಿನಲ್ಲಿ ದತ್ತಾಂಶ ಕಾನೂನು ನೋಡುವವರು ಇದನ್ನು ನೇರವಾಗಿಯೇ ಹೇಳುತ್ತಾರೆ. ಕೆಲಸ ಕೊಡುವವನು ಕೇಳಿದಾಗ ಕೆಲಸ ಬೇಕಾದವನು ಕೊಡುವ ಒಪ್ಪಿಗೆ ಮನಸ್ಸಾರೆ ಕೊಟ್ಟದ್ದು ಎಂದು ನಂಬುವುದು ಕಷ್ಟ, ಇಬ್ಬರ ಬಲವೂ ಸಮ ಇಲ್ಲ ಎನ್ನುತ್ತಾರೆ. ನಮ್ಮ ಫಾರಂ ಬರೆದವರಿಗೆ ಆ ಯೋಚನೆ ಬಂದಂತಿರಲಿಲ್ಲ.

ವರದಿ ಬಂದ ದಿನ

19ನೇ ತಾರೀಕು ವರದಿ ಬಂತು. ಕೆಂಪು ಸಾಲು ಎರಡನೇ ಖಾನೆಗೆ: ಆ ದೊಡ್ಡ ಕಂಪನಿಯ ದಾಖಲೆಯಲ್ಲಿ ಹೆಸರಿಲ್ಲ. ಒಂದು ಹಳದಿ ಸಾಲು ಮೂರನೇ ಖಾನೆಗೆ: ಸಂಸ್ಥೆ ಸಂಪರ್ಕಕ್ಕೆ ಸಿಗಲಿಲ್ಲ, ದೃಢಪಡಿಸಲಾಗಲಿಲ್ಲ. ಇನ್ನೊಂದು ಹಳದಿ ತಾರೀಕಿಗೆ. ಏಜೆನ್ಸಿಯ ಮೂಲಕ 14 ತಿಂಗಳ ಹಿಂದೆ ಬಂದ ರೆಸ್ಯೂಮೆಯಲ್ಲಿ ಎರಡನೇ ಕೆಲಸ ಮಾರ್ಚ್‌ಗೆ ಮುಗಿದಿತ್ತು. ಹೊಸ ಫಾರಂನಲ್ಲಿ ಮೇ ಎಂದಿತ್ತು.

ನಾನು ಮಾಡಿದ ಅತಿ ದೊಡ್ಡ ತಪ್ಪು ಆ ಮಧ್ಯಾಹ್ನದ್ದು. ವರದಿಯನ್ನು ನನ್ನಲ್ಲೇ ಇಟ್ಟುಕೊಂಡು ಆಕೆಗೆ ಎರಡು ಸಾಲಿನ ಇಮೇಲ್ ಕಳಿಸಿದೆ: ‘ನಿಮ್ಮ ಹಿನ್ನೆಲೆ ಪರಿಶೀಲನೆಯಲ್ಲಿ ಕೆಲವು ವ್ಯತ್ಯಾಸಗಳು ಕಂಡುಬಂದಿವೆ. ದಯವಿಟ್ಟು ಸ್ಪಷ್ಟನೆ ಕೊಡಿ.’

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಗಾದೆಯನ್ನು ಕಳ್ಳನ ಮೇಲೆ ಹೇಳುತ್ತೇವೆ. ನನಗೆ ಆವತ್ತು ಗೊತ್ತಾಗಿದ್ದು ಬೇರೆ. ಕದ್ದಿರಲಿ, ಬಿಡಲಿ, ಹಾಗೆ ಕೂಗಿದರೆ ಯಾರೇ ಆದರೂ ಹೆಗಲು ಮುಟ್ಟಿಕೊಳ್ಳುತ್ತಾರೆ. ರಾತ್ರಿ 11 ಗಂಟೆಗೆ ಆಕೆಯ ಉತ್ತರ ಬಂತು, 4 ಪುಟ. ಹಿಂದೊಮ್ಮೆ ಸಾಲದ ಎರಡು ಕಂತು ತಡವಾಗಿದ್ದು, ಪದವಿ ಪತ್ರದಲ್ಲಿ ಇನಿಷಿಯಲ್ ಬೇರೆ ಇರುವುದು, ಹಳೇ ಮನೆಯ ವಿಳಾಸ ಬದಲಾಗಿದ್ದು, ಒಬ್ಬ ಹಳೇ ಮೇಲಧಿಕಾರಿಗೆ ತನ್ನ ಮೇಲೆ ಸಿಟ್ಟಿದ್ದದ್ದು. ನಾವು ಕೇಳದ್ದೆಲ್ಲ ಇತ್ತು. ಕೇಳಬೇಕಿದ್ದ ಮೂರಕ್ಕೆ ಒಂದು ಸಾಲೂ ಇರಲಿಲ್ಲ. ಎಲ್ಲಿಂದ ಬರಬೇಕು? ಯಾವ ಸಾಲಿಗೆ ಬಣ್ಣ ಬಿದ್ದಿದೆ ಎಂದು ನಾನು ಹೇಳಿರಲೇ ಇಲ್ಲ.

ವರದಿಯನ್ನು ಮೊದಲು ಆ ವ್ಯಕ್ತಿಯ ಕೈಗೆ ಕೊಡಿ ಎನ್ನುವುದು ಹೊಸ ಉಪಾಯವಲ್ಲ. ಅಮೆರಿಕದಲ್ಲಿ 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯ್ದೆ ಇದನ್ನು ಕಡ್ಡಾಯ ಮಾಡಿದೆ. ಹೊರಗಿನ ಕಂಪನಿಯಿಂದ ವರದಿ ತರಿಸಬೇಕಾದರೆ ಆ ವಿಷಯವನ್ನು ಪ್ರತ್ಯೇಕ ಕಾಗದದಲ್ಲಿ ತಿಳಿಸಿ, ಲಿಖಿತ ಒಪ್ಪಿಗೆ ಪಡೆಯಬೇಕು. ವರದಿ ನೋಡಿ ‘ಕೆಲಸ ಇಲ್ಲ’ ಎನ್ನುವ ಮುಂಚೆ ಅದರ ಪ್ರತಿಯನ್ನೂ ಹಕ್ಕುಗಳ ಟಿಪ್ಪಣಿಯನ್ನೂ ಕೊಡಬೇಕು. ತಪ್ಪಿದೆ ಎಂದು ತಕರಾರು ಬಂದರೆ ಪರಿಶೀಲನೆ ಮಾಡಿದ ಕಂಪನಿ ಸಾಮಾನ್ಯವಾಗಿ 30 ದಿನದೊಳಗೆ ಮತ್ತೆ ನೋಡಬೇಕು. ಹೊಸಬರಿಗಷ್ಟೇ ಅಲ್ಲ, ಬಡ್ತಿ ಅಥವಾ ವರ್ಗಾವಣೆಗಾಗಿ ಪರಿಶೀಲಿಸಿದರೂ ಇದೇ ನಿಯಮ. ಯುರೋಪಿನಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ದತ್ತಾಂಶ ರಕ್ಷಣೆಯ ಕಾನೂನು ಜಿಡಿಪಿಆರ್ ಪ್ರಕಾರ ತನ್ನ ಬಗ್ಗೆ ಇಟ್ಟಿರುವ ಮಾಹಿತಿಯ ಪ್ರತಿ ಕೇಳಬಹುದು, ತಪ್ಪಿದ್ದರೆ ತಿದ್ದಿಸಬಹುದು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ ತಿದ್ದಿಸಿಕೊಳ್ಳುವ ಹಕ್ಕು ಬರೆದಿದ್ದಾರೆ. ಕಾನೂನು ಕೇಳಲಿ ಬಿಡಲಿ, ಪ್ರತಿ ಕಳಿಸಲು ಒಂದು ನಿಮಿಷ ಸಾಕಿತ್ತು. ನಾನು ಕಳಿಸಿದ್ದು 20ನೇ ತಾರೀಕು ಬೆಳಿಗ್ಗೆ, ಆ 4 ಪುಟ ಓದಿ ನಾಚಿಕೆಯಾದ ಮೇಲೆ.

ಅಷ್ಟರಲ್ಲಿ ಆಫೀಸಿನೊಳಗೆ ಎರಡು ಪಕ್ಷ ಆಗಿತ್ತು. ಮ್ಯಾನೇಜರ್ ‘14 ತಿಂಗಳು ಕೆಲಸ ನೋಡಿದ್ದೀನಿ, ಈ ಕಾಗದ ಯಾರಿಗೆ ಬೇಕು?’ ಎಂದು ಕೂಗಾಡುತ್ತಿದ್ದರು. ನಿಯಮ ಪಾಲನೆ ನೋಡುವ ಅಧಿಕಾರಿ ‘ಹಣ ಹೋಗುವ ವಿಭಾಗ. ಕೆಂಪು ಬಂದರೆ ಅಲ್ಲಿಗೆ ಮುಗೀತು’ ಎನ್ನುತ್ತಿದ್ದರು. ನನಗೆ ಇಬ್ಬರ ಮಾತೂ ಹಿಡಿಸಲಿಲ್ಲ. ಚೆನ್ನಾಗಿ ಕೆಲಸ ಮಾಡುವವರು ಹಿಂದಿನದನ್ನು ಸರಿಯಾಗಿ ಹೇಳಿದ್ದಾರೆ ಎಂದೇನೂ ಇಲ್ಲ. ಹಾಗೆಯೇ ಕೆಂಪು ಎನ್ನುವುದು ಪರಿಶೀಲನಾ ಕಂಪನಿಯ ಸಾಫ್ಟ್‌ವೇರ್ ಹಚ್ಚಿದ ಬಣ್ಣ. ತೀರ್ಮಾನ ಮಾಡುವ ಕೆಲಸವನ್ನು ನಾವು ಅದಕ್ಕೆ ಕೊಟ್ಟಿರಲಿಲ್ಲ.

ಕೆಂಪು ಸಾಲು

ಈ ಸಾಲು ಹೇಗೆ ಹುಟ್ಟಿತು ಎಂದು ನೋಡಿದರೆ ನಗು ಬರುತ್ತದೆ. ಪರಿಶೀಲನಾ ಕಂಪನಿಯವರು ಆ ದೊಡ್ಡ ಕಂಪನಿಯ ಎಚ್‌ಆರ್‌ಗೆ ಹೆಸರು, ಹುದ್ದೆ, ತಾರೀಕು ಕಳಿಸಿದರು. ಅಲ್ಲಿನವರು ಪೇರೋಲ್‌ನಲ್ಲಿ, ಅಂದರೆ ತಾವು ಸಂಬಳ ಕೊಡುವವರ ಪಟ್ಟಿಯಲ್ಲಿ ಹುಡುಕಿದರು. ಅಲ್ಲಿಯೂ ಆಕೆ ಹೋಗಿದ್ದು ಒಂದು ಏಜೆನ್ಸಿಯ ಮೂಲಕ, ಸಂಬಳ ಕೊಟ್ಟಿದ್ದು ಆ ಏಜೆನ್ಸಿ. ಹಾಗಾಗಿ ಆಕೆ ಆ ಪಟ್ಟಿಯಲ್ಲಿ ಇರಲು ಸಾಧ್ಯವೇ ಇಲ್ಲ. ಅಲ್ಲಿ ಆಕೆಯ ಹೆಸರು ಇದ್ದರೆ ಗೇಟ್ ಪಾಸ್ ಪಟ್ಟಿಯಲ್ಲಿ ಇರಬೇಕು, ಇಲ್ಲವೇ ಏಜೆನ್ಸಿ ಕಳಿಸಿದ ತಿಂಗಳ ಬಿಲ್ಲಿನಲ್ಲಿ. ‘ಇಲ್ಲ’ ಎಂದು ಉತ್ತರಿಸಿದವರು ನಿಜವನ್ನೇ ಹೇಳಿದ್ದರು. ಕೇಳಿದ ವಿಳಾಸವೇ ತಪ್ಪಾಗಿತ್ತು.

ಇದನ್ನು ಸರಿಮಾಡಲು ಆಕೆ ಹುಡುಕಿದ್ದು ಎರಡನೇ ಕೆಲಸದ ಏಜೆನ್ಸಿಯ ಸಂಬಳ ಚೀಟಿಗಳನ್ನು. ಇಲ್ಲೊಂದು ಸಂಕಟ. ಸಂಬಳ ಚೀಟಿ ಎಲ್ಲ ಏಜೆನ್ಸಿಯ ಪೋರ್ಟಲ್‌ನಲ್ಲಿತ್ತು. ಕೆಲಸ ಬಿಟ್ಟ ಕೆಲವೇ ದಿನಗಳಲ್ಲಿ ಲಾಗಿನ್ ಮುಚ್ಚಿಹೋಗಿತ್ತು. ಹಂಗಾಮಿ ಕೆಲಸದಲ್ಲಿರುವವರಿಗೆ ನಾನು ಒಂದೇ ಒಂದು ಮಾತು ಹೇಳಬಹುದಾದರೆ ಇದನ್ನೇ ಹೇಳುತ್ತೇನೆ: ಲಾಗಿನ್ ನಡೆಯುತ್ತಿರುವಾಗಲೇ ಚೀಟಿ, ನೇಮಕದ ಪತ್ರ, ತೆರಿಗೆ ಪತ್ರ ಎಲ್ಲ ನಿಮ್ಮ ಸ್ವಂತ ಇಮೇಲಿಗೆ ಇಳಿಸಿಕೊಳ್ಳಿ. ಕಾಂಟ್ರ್ಯಾಕ್ಟ್ ಮುಗಿದ ಮೇಲೆ ನೋಡೋಣ ಎಂದುಕೊಂಡರೆ ಕೆಟ್ಟಿರಿ.

ಆಕೆಯ ಪುಣ್ಯ, ಬ್ಯಾಂಕ್ ಸ್ಟೇಟ್‌ಮೆಂಟ್ ಇತ್ತು. ತಿಂಗಳು ತಿಂಗಳೂ ಸಂಬಳ ಜಮಾ ಆದ ಸಾಲಿನಲ್ಲಿ ಏಜೆನ್ಸಿಯ ಹೆಸರು. ಜೊತೆಗೆ ಮೊಬೈಲಿನ ಹಳೇ ಫೋಟೋಗಳಲ್ಲಿ ನೇಮಕದ ಪತ್ರದ ಮೊದಲ ಪುಟ ಸಿಕ್ಕಿತು. ಅದರಲ್ಲಿ ‘ಇಂಥ ಗ್ರಾಹಕ ಸಂಸ್ಥೆಯಲ್ಲಿ ನಿಯೋಜನೆ’ ಎಂದು ಆ ದೊಡ್ಡ ಕಂಪನಿಯ ಹೆಸರೂ ಇತ್ತು. ಎರಡೂ ಹೆಸರು ಒಂದೇ ಹಾಳೆಯಲ್ಲಿ ಇರುವ ಇಂಥ ಕಾಗದ ಬಂಗಾರ. ನಾವು ಪರಿಶೀಲನಾ ಕಂಪನಿಗೆ ಹೊಸ ವಿಳಾಸ ಕೊಟ್ಟು ಮತ್ತೆ ಕೇಳಿಸಿದೆವು. ನಾಲ್ಕನೇ ದಿನ ಏಜೆನ್ಸಿಯಿಂದ ದೃಢೀಕರಣ ಬಂತು. ಹೆಸರು ಸರಿ, ಹುದ್ದೆ ಸರಿ, ಕೊನೆಯ ದಿನ ಮಾರ್ಚ್ 28.

ಮಾರ್ಚ್ 28. ಕೆಂಪು ಸಾಲು ಹೋಯಿತು, ಆದರೆ ತಾರೀಕಿನ ಹಳದಿ ಗಟ್ಟಿಯಾಯಿತು.

ಮುಚ್ಚಿಹೋದ ಸಂಸ್ಥೆ

ಇದು ಬೇಗ ಮುಗಿಯಿತು. ಸಣ್ಣ ಸಂಸ್ಥೆ, ಮುಚ್ಚಿ ಎರಡು ವರ್ಷವಾಗಿತ್ತು. ಫೋನ್ ಎತ್ತುವವರಿಲ್ಲ. ಕಂಪನಿ ನೋಂದಣಿಯ ಸರ್ಕಾರಿ ದಾಖಲೆಯಲ್ಲಿ ಅದು ಮುಚ್ಚಿರುವುದು ಕಾಣುತ್ತಿತ್ತು. ಆಕೆ ಸೇರುವಾಗಿನ ಪತ್ರ, ಸಂಬಳ ಜಮಾ ಆದ ಬ್ಯಾಂಕಿನ ಸಾಲುಗಳು, ಆ ವರ್ಷಗಳ ತೆರಿಗೆ ವಿವರ ಕೊಟ್ಟರು. ಸಾಕು ಎಂದೆವು.

ಆದರೆ ಪದಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ‘ದೃಢಪಡಿಸಲಾಗಲಿಲ್ಲ’ ಎಂದರೆ ಉತ್ತರ ಬರಲಿಲ್ಲ ಎಂದು ಮಾತ್ರ. ‘ವ್ಯತ್ಯಾಸ’ ಎಂದರೆ ಉತ್ತರ ಬಂತು, ಆದರೆ ಹೇಳಿದ್ದಕ್ಕೆ ಹೊಂದಲಿಲ್ಲ ಎಂದು. ‘ಸುಳ್ಳು’ ಎಂದರೆ ಗೊತ್ತಿದ್ದೂ ಬೇರೆ ಹೇಳಿದರು ಎಂದು. ಮೊದಲನೆಯದಕ್ಕೆ ಉದ್ಯೋಗಿ ಕಾರಣವೇ ಅಲ್ಲ. ಎರಡನೆಯದಕ್ಕೆ ಯಾರು ಬೇಕಾದರೂ ಕಾರಣ ಆಗಬಹುದು. ಮೂರನೆಯದನ್ನು ಯಾವ ವರದಿಯೂ ಹೇಳಲಾರದು, ಅದನ್ನು ಎದುರು ಕೂತು ಕೇಳಿಯೇ ತಿಳಿಯಬೇಕು. ನಮ್ಮ ಆಫೀಸಿನಲ್ಲಿ ಮೂರಕ್ಕೂ ಒಂದೇ ಹೆಸರು ಇತ್ತು: ‘ಅವರ ಬಿಜಿವಿ ಫೇಲ್ ಅಂತೆ.’ ಬಿಜಿವಿ ಎಂದರೆ ಹಿನ್ನೆಲೆ ಪರಿಶೀಲನೆ. ಮೊದಲೇ ತಂಡಕ್ಕೆಲ್ಲ ಸುದ್ದಿ ಹೇಳಿದ್ದೆವಲ್ಲ, ಈಗ ಇದನ್ನೂ ತಂಡಕ್ಕೆಲ್ಲ ಹೇಳುವವರು ತಾವೇ ಹುಟ್ಟಿಕೊಂಡರು.

ಎರಡು ತಿಂಗಳು

24ರ ಮಧ್ಯಾಹ್ನ ಆಕೆಯನ್ನು ಕರೆದು ಕೂರಿಸಿದೆ. ಈ ಸಲ ವರದಿ ಮೇಜಿನ ಮೇಲೆ, ಇಬ್ಬರಿಗೂ ಕಾಣುವಂತೆ. ಮೂರನೇ ಸಾಲು ತೋರಿಸಿ ‘ಮಾರ್ಚ್ 28 ಅಂತ ಬಂದಿದೆ. ನೀವು ಮೇ ಬರೆದಿದ್ದೀರಿ’ ಎಂದಷ್ಟೇ ಹೇಳಿದೆ.

‘ನೆನಪಿರಲಿಲ್ಲ, ತಪ್ಪು ಬರೆದೆ’ ಎಂದರು ಮೊದಲು. ನಾನು ಒತ್ತಾಯ ಮಾಡಲಿಲ್ಲ. ಮಾರನೇ ದಿನ ಬೆಳಿಗ್ಗೆ ಆಕೆಯೇ ಬಂದರು, ಬಾಗಿಲು ಹಾಕಿದರು.

ಮಾರ್ಚ್ ಮುಗಿದ ಮೇಲೆ ಆಕೆ ಇನ್ನೊಂದು ಕಡೆ ಸೇರಿದ್ದರು. 5 ವಾರ. ಲೆಕ್ಕದ ಕೆಲಸ ಎಂದು ಕರೆದು, ಬಾಕಿ ವಸೂಲಿಗೆ ಫೋನ್ ಮಾಡಲು ಕೂರಿಸಿದರಂತೆ. ರಾತ್ರಿ ಪಾಳಿ ಬೇರೆ. ಐದನೇ ವಾರ ಹೋಗುವುದನ್ನು ನಿಲ್ಲಿಸಿದರು. ಅನುಭವ ಪತ್ರ ಕೇಳಲಿಲ್ಲ, ಅವರೂ ಕೊಡಲಿಲ್ಲ. ‘ಅದನ್ನು ಬರೆದರೆ ಯಾಕೆ ಬಿಟ್ರಿ ಅಂತೀರಿ. ಬರೀದಿದ್ದರೆ ಮಧ್ಯೆ ಏನು ಮಾಡ್ತಿದ್ರಿ ಅಂತೀರಿ. ಅದಕ್ಕೆ ಹಿಂದಿನದನ್ನೇ ಸ್ವಲ್ಪ ಎಳೆದೆ’ ಎಂದರು.

ಆಮೇಲೆ ಆಕೆ ಹೇಳಿದ ಮಾತು ಇನ್ನೂ ನೆನಪಿದೆ. ‘ಬಿಲ್ ತಾಳೆ ಆಗದಿದ್ದರೆ ನಾವು ಯಾರನ್ನೂ ಕಳ್ಳ ಅನ್ನಲ್ಲ. ಹೋಲ್ಡ್‌ಗೆ ಹಾಕ್ತೀವಿ, ಕೇಳ್ತೀವಿ. ನಾನು ದಿನಾ ಅದನ್ನೇ ಮಾಡೋದು. ನನ್ನದೇ ಕಾಗದ ಬಂದಾಗ ಮಾತ್ರ ಕೈ ನಡುಗಿತು.’

ಇನ್ನು ತೀರ್ಮಾನ. ಇಲ್ಲಿ ಒಂದು ಸೂಕ್ಷ್ಮ ಇದೆ, ಅದನ್ನು ಗುರುತಿಸಿದ್ದು ನಾನಲ್ಲ, ಅದೇ ಕೆಂಪು ಎಂದರೆ ಮುಗೀತು ಎಂದಿದ್ದ ಅಧಿಕಾರಿ. ಫಾರಂ ಮುಂದಿಟ್ಟುಕೊಂಡು ಅವರು ಕೇಳಿದರು: ‘ನಾವು ಕೇಳಿದ್ದು ಮುಖ್ಯ ಉದ್ಯೋಗ. ಕೊಟ್ಟಿದ್ದು ಮೂರು ಖಾನೆ. 5 ವಾರದ ಕೆಲಸ ಮುಖ್ಯ ಅಲ್ಲ ಅಂದುಕೊಂಡರೆ ತಪ್ಪೇನು?’ ನಿಜ. ಬಿಟ್ಟದ್ದಕ್ಕೆ ನಮ್ಮ ಫಾರಂನಲ್ಲೇ ಜಾಗ ಇತ್ತು. ಆದರೆ ಎಳೆದದ್ದಕ್ಕೆ ಇರಲಿಲ್ಲ. ‘ಮೇಲಿನ ವಿವರವೆಲ್ಲ ನಿಜ’ ಎಂಬ ಸಾಲಿನ ಕೆಳಗೆ ಆಕೆಯ ಸಹಿ ಇತ್ತು. ಹೇಳದೆ ಇರುವುದೂ ಬದಲಿಸಿ ಹೇಳುವುದೂ ಒಂದೇ ತೂಕದ್ದಲ್ಲ. ಆಕೆ ಎರಡನ್ನೂ ಮಾಡಿದ್ದರು.

ಅಳತೆಗೆ ನಾವು ಒಂದು ಗೆರೆ ಎರವಲು ತಂದೆವು. ಅಪರಾಧ ದಾಖಲೆ ಇರುವವರ ವಿಷಯದಲ್ಲಿ ಅಮೆರಿಕದ ಸಮಾನ ಉದ್ಯೋಗಾವಕಾಶ ಆಯೋಗ 2012ರ ಮಾರ್ಗಸೂಚಿಯಲ್ಲಿ ಮೂರು ಪ್ರಶ್ನೆ ಕೇಳಿಕೊಳ್ಳಿ ಎನ್ನುತ್ತದೆ. ತಪ್ಪು ಎಷ್ಟು ದೊಡ್ಡದು? ಆಗಿ ಎಷ್ಟು ಕಾಲವಾಯಿತು? ಈ ಕೆಲಸಕ್ಕೂ ಅದಕ್ಕೂ ಏನು ಸಂಬಂಧ? ಆಕೆಯದು ಅಪರಾಧವೇ ಅಲ್ಲ, ಆದರೂ ಪ್ರಶ್ನೆಗಳು ಕೆಲಸಕ್ಕೆ ಬಂದವು. ಎಳೆದಿದ್ದು ಎರಡು ತಿಂಗಳು. ಅದರಿಂದ ಸಂಬಳ ಜಾಸ್ತಿ ಆಗಲಿಲ್ಲ, ಇಲ್ಲದ ಅರ್ಹತೆ ಹುಟ್ಟಲಿಲ್ಲ. ಬಿಟ್ಟ ಕೆಲಸದಲ್ಲಿ ಹಣದ ತಕರಾರೇನೂ ಇರಲಿಲ್ಲ. ಅದನ್ನು ಆಕೆಯ ಒಪ್ಪಿಗೆಯ ಮೇಲೆ ಕೇಳಿ ತಿಳಿದುಕೊಂಡೆವು. ಕಾಲದ ಪ್ರಶ್ನೆ ಮಾತ್ರ ಆಕೆಗೆ ವಿರುದ್ಧ. ಕೆಲಸ ಬಿಟ್ಟದ್ದು ಹಳೇ ಕಥೆ, ಆದರೆ ಫಾರಂಗೆ ಸಹಿ ಹಾಕಿ ಮೂರು ವಾರವೂ ಆಗಿರಲಿಲ್ಲ. ಕೆಲಸದ ಸಂಬಂಧವೂ ಅಷ್ಟೇನೂ ಹಗುರವಲ್ಲ. ತಾರೀಕು ತಾಳೆ ನೋಡುವುದೇ ಆಕೆಯ ಕೆಲಸ.

ಕೊನೆಗೆ ಆಫರ್ ಉಳಿಯಿತು. ಆಕೆ ಸರಿಯಾದ ತಾರೀಕು ಹಾಕಿ ಹೊಸ ಫಾರಂಗೆ ಸಹಿ ಮಾಡಿದರು. 5 ವಾರದ ಬಗ್ಗೆ ಒಂದು ಪುಟದ ವಿವರಣೆ ಬರೆದು ಫೈಲಿಗೆ ಸೇರಿಸಿದರು. ನಾನು ಇದರ ಪರವಾಗಿಯೇ ವಾದಿಸಿದ್ದೆ, ಈಗಲೂ ಸರಿ ಅನಿಸುತ್ತದೆ. ಎಳೆದದ್ದು ಒಂದು ವರ್ಷ ಆಗಿದ್ದರೆ ಅಥವಾ ಇಲ್ಲದ ಹುದ್ದೆಯನ್ನು ಬರೆದಿದ್ದರೆ ನಾನು ಬೇರೆ ಕಡೆ ನಿಲ್ಲುತ್ತಿದ್ದೆ. ಆ ಗೆರೆ ಸರಿಯಾಗಿ ಎಷ್ಟು ತಿಂಗಳಿಗೆ ಬೀಳುತ್ತದೆ ಎಂದು ಕೇಳಿದರೆ ನನ್ನಲ್ಲಿ ಉತ್ತರ ಇಲ್ಲ.

30ನೇ ತಾರೀಕಿನ ಹಳ್ಳ

ಇದೆಲ್ಲ ನಡೆಯುವಾಗ ಇನ್ನೊಂದು ಗಡಿಯಾರ ಓಡುತ್ತಿತ್ತು. ಕಾಂಟ್ರ್ಯಾಕ್ಟ್ 30ಕ್ಕೆ ಮುಗಿಯುತ್ತದೆ. ಪರಿಶೀಲನೆ ಮುಗಿಯದೆ ಮಾರನೇ ದಿನ ಕಾಯಂ ಆಗುವುದಿಲ್ಲ. ನಡುವೆ ಸಿಕ್ಕಿಕೊಂಡರೆ ಆಕೆ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ಹೊರಗಿನಿಂದ ಬರುವವರಿಗೆ ಹಳೇ ಕೆಲಸಕ್ಕೆ ರಾಜೀನಾಮೆ ಕೊಡುವ ತೀರ್ಮಾನ ತಮ್ಮ ಕೈಯಲ್ಲಿರುತ್ತದೆ. ಹಂಗಾಮಿಯವರಿಗೆ ಅದೂ ಇಲ್ಲ. ಕಾಂಟ್ರ್ಯಾಕ್ಟ್ ತಾನಾಗಿಯೇ ಮುಗಿಯುತ್ತದೆ.

ಏಜೆನ್ಸಿಗೆ ಎರಡು ವಾರ ಮುಂದುವರಿಸಿ ಎಂದು ಬರೆದೆ. ಉತ್ತರ ಇಲ್ಲ. ಫೋನ್ ಮಾಡಿದರೆ ‘ನೋಡ್ತೀವಿ’ ಎಂದರು. ಕಾರಣ ಗೊತ್ತಾಗಿದ್ದು ನಮ್ಮ ಖರೀದಿ ವಿಭಾಗದಿಂದ. ಏಜೆನ್ಸಿ ಕಳಿಸಿದ ಹಂಗಾಮಿಯನ್ನು ನಾವು ಕಾಯಂ ಮಾಡಿಕೊಂಡರೆ ಅವರಿಗೊಂದು ಶುಲ್ಕ ಕೊಡಬೇಕು. ಇಂಥ ಒಪ್ಪಂದಗಳಲ್ಲಿ ಈ ಷರತ್ತು ಸಾಮಾನ್ಯ. ಇಷ್ಟು ತಿಂಗಳು ದಾಟಿದರೆ ಶುಲ್ಕ ಇಲ್ಲ ಎಂದೂ ಇರುತ್ತದೆ. ಆ ತಿಂಗಳುಗಳು ಮುಗಿದಿವೆಯೋ ಇಲ್ಲವೋ ಎಂದು ಎರಡು ಕಡೆಯವರೂ ಜಗಳ ಆಡುತ್ತಿದ್ದರು. ಆ ಜಗಳ ಮುಗಿಯುವ ತನಕ ಆಕೆಯ ಯಾವ ಕಾಗದವೂ ಅಲ್ಲಿಂದ ಸರಿಯುವಂತಿರಲಿಲ್ಲ. ಆಕೆಗೆ ಇದರ ಸುಳಿವೂ ಇರಲಿಲ್ಲ. ತನ್ನ ಹಳದಿ ಸಾಲಿನಿಂದಲೇ ಎಲ್ಲ ತಡ ಎಂದುಕೊಂಡು ಕೂತಿದ್ದರು. 29ರ ಸಂಜೆ ಎರಡು ವಾರದ ಮುಂದುವರಿಕೆ ಪತ್ರ ಬಂತು. ಕಾಯಂ ಆಗಿದ್ದು ಮುಂದಿನ ತಿಂಗಳ 15ಕ್ಕೆ.

ನಿಮ್ಮದೂ ಇಂಥದೇ ಸ್ಥಿತಿ ಆಗಿದ್ದರೆ, ಆಫರ್ ಬಂದ ದಿನವೇ ಕೇಳಿ: ಪರಿಶೀಲನೆ 30ರೊಳಗೆ ಮುಗಿಯದಿದ್ದರೆ ನಾನು ಯಾರ ಪೇರೋಲ್‌ನಲ್ಲಿರುತ್ತೇನೆ? ಉತ್ತರ ಬಾಯಲ್ಲಿ ಬೇಡ, ಇಮೇಲಿನಲ್ಲಿ ಬರಲಿ. ಎಷ್ಟು ವರ್ಷದ ಇತಿಹಾಸ ನೋಡುತ್ತಾರೆ, ಯಾರು ನೋಡುತ್ತಾರೆ ಎಂದೂ ಆವತ್ತೇ ಕೇಳಿಬಿಡಿ. ಮುಜುಗರದ ವಿಷಯ ಏನಾದರೂ ಇದ್ದರೆ ಫಾರಂ ತುಂಬುವಾಗಲೇ ಹೇಳುವುದು ಅಗ್ಗ. ಆಕೆ 5ನೇ ತಾರೀಕು ‘ಮಧ್ಯೆ 5 ವಾರ ಒಂದು ಕಡೆ ಇದ್ದೆ, ಹಿಡಿಸಲಿಲ್ಲ, ಬಿಟ್ಟೆ’ ಎಂದಿದ್ದರೆ ನಾನು ತಲೆಯಾಡಿಸಿ ಮುಂದಿನ ಕೆಲಸಕ್ಕೆ ಹೋಗುತ್ತಿದ್ದೆ. ಅದೇ ಮಾತು 25ನೇ ತಾರೀಕು ಹೇಳಿದಾಗ ಅದಕ್ಕೊಂದು ಸಭೆ ಬೇಕಾಯಿತು.

ನಾವು ಫಾರಂ ಬದಲಿಸಿದೆವು. ಈಗ ಪ್ರತಿ ಉದ್ಯೋಗಕ್ಕೂ ಎರಡು ಖಾನೆ: ‘ಎಲ್ಲಿ ಕೆಲಸ ಮಾಡಿದಿರಿ?’, ‘ಸಂಬಳ ಯಾರು ಕೊಟ್ಟರು?’ ‘ಮುಖ್ಯ’ ಎಂಬ ಪದ ತೆಗೆದೆವು, ಖಾನೆ ಎಷ್ಟು ಬೇಕಾದರೂ ಸೇರಿಸಬಹುದು. ‘ಯಾವಾಗ ಬೇಕಾದರೂ ಮತ್ತೆ ಪರಿಶೀಲಿಸಲು’ ಎಂಬ ಸಾಲನ್ನು ತೆಗೆಯಲು ಹೇಳಿದೆ, ಆಗಲಿಲ್ಲ. ಅದು ಇನ್ನೂ ಇದೆ.

ತಿದ್ದಿದ ವರದಿ ಬಂದಿದ್ದು ಆಕೆ ಕಾಯಂ ಆಗಿ ಮೂರು ವಾರದ ಮೇಲೆ. ಕೆಂಪು ಹಸಿರಾಗಿತ್ತು. ಮುಚ್ಚಿದ ಸಂಸ್ಥೆಯ ಸಾಲೂ ಹಸಿರಾಗಿತ್ತು, ‘ದಾಖಲೆಗಳ ಆಧಾರದ ಮೇಲೆ’ ಎಂಬ ಟಿಪ್ಪಣಿ ಸಮೇತ. ತಾರೀಕಿನ ಸಾಲು ಮಾತ್ರ ಹಳದಿಯಾಗಿಯೇ ಇತ್ತು: ‘ವ್ಯತ್ಯಾಸ. ಉದ್ಯೋಗಿಯ ವಿವರಣೆ ಲಗತ್ತಿಸಿದೆ.’ ಆಕೆ ಅದನ್ನು ಎರಡು ಸಲ ಓದಿದರು. ‘ಇದು ಹೀಗೇ ಇರತ್ತಾ?’ ಎಂದು ಕೇಳಿದರು. ಇರುತ್ತದೆ, ಫೈಲ್ ಇಡುವ ಅವಧಿ ಮುಗಿಯುವ ತನಕ ಇರುತ್ತದೆ ಎಂದೆ. ಸರಿ ಎಂದು ತಲೆಯಾಡಿಸಿ, ಒಂದು ಪ್ರತಿ ಕೇಳಿ ಪಡೆದುಕೊಂಡು ಹೋದರು.